ಯಾರ ರಕ್ತದಲ್ಲಿ ಎಷ್ಟು ಸೀಸ

ಸೀಸಕ್ಕೂ ನಮಗೂ ಹಳೆಯ ಸಂಬಂಧ. ವೇದ ಕೇಳಿದ ಶೂದ್ರನ ಕಿವಿಗೆ ಕರಗಿಸಿದ ತವರವನ್ನೂ ಅರಗನ್ನೂ ತುಂಬಬೇಕು ಅಂತ ಗೌತಮ ಧರ್ಮಸೂತ್ರ ಬರೆದಿಟ್ಟಿದೆ. ನಮ್ಮ ಸಭೆಗಳಲ್ಲಿ, ಭಾಷಣಗಳಲ್ಲಿ ಅದು 'ಕಾದ ಸೀಸ' ಅಂತಲೇ ಬಾಯಿಂದ ಬಾಯಿಗೆ ಬಂದಿದೆ. ತವರವೋ ಸೀಸವೋ, ಉದ್ದೇಶ ಒಂದೇ: ಇವನು ಕೇಳಬಾರದು, ಕೇಳಿದ್ದು ನೆನಪಲ್ಲಿ ಉಳಿಯಬಾರದು, ತಿರುಗಿ ಮಾತಾಡಬಾರದು. ಈಗ ಯಾರೂ ಯಾರ ಕಿವಿಗೂ ಸೀಸ ಹೊಯ್ಯುವುದಿಲ್ಲ. ಸಂವಿಧಾನ ಬಂತು, ಶಾಲೆ ಬಂತು, ಹಾಸ್ಟೆಲು ಬಂತು. ಆದರೆ ಸೀಸ ಬೇರೆ ದಾರಿ ಹುಡುಕಿಕೊಂಡಿದೆ. ಮೂಗಿನಿಂದ ಹೋಗುತ್ತೆ, ಬಾಯಿಂದ ಹೋಗುತ್ತೆ, ಅವ್ವನ ಹೊಟ್ಟೆಯಲ್ಲಿರುವಾಗಲೇ ಹೊಕ್ಕುಳಬಳ್ಳಿಯಿಂದ ಹೋಗುತ್ತೆ. ಹೋಗಿ ಹೊಡೆಯುವುದು ಮಾತ್ರ ಆ ಹಳೇ ಜಾಗಕ್ಕೇ: ಕೇಳಿದ್ದನ್ನು ನೆನಪಿಟ್ಟುಕೊಳ್ಳುವ, ಯೋಚಿಸಿ ಮಾತಾಡುವ ಜಾಗಕ್ಕೆ.

ಇದನ್ನ ನಾನು ಕವಿಯ ಹೋಲಿಕೆಯಾಗಿ ಹೇಳುತ್ತಿಲ್ಲ. ನನಗೆ ಇದನ್ನ ಹೇಳಿಕೊಟ್ಟವನು ನನ್ನ ಹಾಸ್ಟೆಲಿನ ಗೆಳೆಯ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನಲ್ಲಿ ಒಂದೇ ಚಾಪೆ ಹಂಚಿಕೊಂಡು ಮಲಗಿದವರು ನಾವು. ನಾನು ಬಿ.ಎ. ಮಾಡಿ ಪದ್ಯ ಬರೆದುಕೊಂಡು ಉಳಿದೆ, ಅವನು ವಿಜ್ಞಾನ ಓದಿ ಈಗ ಮೆದುಳಿನ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ಅವರ ಮನೆಯಲ್ಲೂ ನಮ್ಮ ಮನೆಯ ಹಾಗೆ ಹೆಬ್ಬೆಟ್ಟಿನಿಂದ ಡಿಗ್ರಿಗೆ ಒಂದೇ ನೆಗೆತ. ಅವನ ಕೆಲಸ ಏನೆಂದರೆ, ನಾವು ಉಸಿರಾಡುವ, ಕುಡಿಯುವ, ತಿನ್ನುವ ವಿಷಗಳು ಮೆದುಳಿಗೆ ಏನು ಮಾಡುತ್ತವೆ, ಅದರಿಂದ ಒಂದು ಜೀವ ಇನ್ನೊಂದು ಜೀವದ ಜೊತೆ ನಡೆದುಕೊಳ್ಳುವ ರೀತಿ ಹೇಗೆ ಬದಲಾಗುತ್ತದೆ ಅಂತ ನೋಡುವುದು.

ಅವನು ನೋಡುವುದು ಇಲಿಗಳಲ್ಲಿ. ಮೂರು ಅಂಕಣದ ಒಂದು ಪೆಟ್ಟಿಗೆ. ನಡುವಿನ ಅಂಕಣದಲ್ಲಿ ಒಂದು ಇಲಿ ಬಿಡುತ್ತಾರೆ. ಒಂದು ಕಡೆಯ ಅಂಕಣದಲ್ಲಿ ಸಣ್ಣ ಪಂಜರದೊಳಗೆ ಗುರುತಿಲ್ಲದ ಇನ್ನೊಂದು ಇಲಿ. ಇನ್ನೊಂದು ಕಡೆ ಬರೀ ಖಾಲಿ ಪಂಜರ. ನಡುವಿನ ಇಲಿ ಯಾವ ಕಡೆ ಎಷ್ಟು ಹೊತ್ತು ಕಳೆಯುತ್ತೆ ಅಂತ ಲೆಕ್ಕ ಇಡುತ್ತಾರೆ. ಆರೋಗ್ಯವಾಗಿರೋ ಇಲಿ ಸಾಮಾನ್ಯವಾಗಿ ಇನ್ನೊಂದು ಇಲಿಯ ಹತ್ತಿರ ಹೋಗುತ್ತೆ, ಮೂಸುತ್ತೆ, ಪರಿಚಯ ಮಾಡಿಕೊಳ್ಳುತ್ತೆ. ಸೀಸ ಬೆರೆಸಿದ ನೀರು ಕುಡಿದ ತಾಯಿಯ ಮರಿ ಏನು ಮಾಡುತ್ತೆ? ಅದು ಅವನ ಪ್ರಶ್ನೆ. ಅವನ ಲೆಕ್ಕ ಇನ್ನೂ ಮುಗಿದಿಲ್ಲ, ಫೆಲೋಶಿಪ್ ದುಡ್ಡು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಬರುತ್ತದೆ.

ಅವನು ಹೇಳಿದ್ದನ್ನ ಕೇಳಿ ನಾನಂದೆ: "ಲೋ, ನಮ್ಮೂರೂ ಹಿಂಗೇ ಮೂರು ಅಂಕಣ ಕಣೋ. ಊರು, ಕೇರಿ, ನಡುವೆ ಒಂದು ಹಳ್ಳ. ಅಲ್ಲಿ ಹತ್ತಿರ ಬರದೇ ಇದ್ದೋರು ನಾವಲ್ಲ."

ಅವನು ನಗಲಿಲ್ಲ. "ಅದಕ್ಕೇ ಕಣೋ ಭಯ," ಅಂದ. ಅವನ ಭಯ ಏನು ಅನ್ನೋದನ್ನ ಮುಂದೆ ಹೇಳುತ್ತೇನೆ. ಮೊದಲು ನಮ್ಮ ಪೀಣ್ಯದ ಕತೆ.

ಪಾವಗಡದ ಕಡೆಯಿಂದ ಬಂದವರು ನಾವು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಿದ ಊರಿನವರು. ಮಳೆ ಕೈಕೊಟ್ಟ ಮೇಲೆ ತುಮಕೂರು ರಸ್ತೆ ಹಿಡಿದು ಬಂದರೆ ಬೆಂಗಳೂರು ಶುರುವಾಗೋ ಮೊದಲೇ ಸಿಗೋದು ಪೀಣ್ಯ. ಲೇತ್ ಮಿಷನ್ನು, ಪ್ಲೇಟಿಂಗ್ ತೊಟ್ಟಿ, ಗಾರ್ಮೆಂಟ್ಸು, ಫೌಂಡ್ರಿ, ಗುಜರಿ. ಅಪ್ಪ ಲೋಡಿಂಗಿಗೆ ಸೇರಿದ, ಅವ್ವ ಗಾರ್ಮೆಂಟ್ಸಿಗೆ. ಅವ್ವನ ತಮ್ಮ, ನನ್ನ ಮಾವ, ಹಳೇ ಬ್ಯಾಟರಿ ಒಡೆಯುವ ಒಂದು ಶೆಡ್ಡಿಗೆ ಸೇರಿದ. ಆ ಶೆಡ್ಡಿಗೆ ಬೋರ್ಡಿರಲಿಲ್ಲ. ಬ್ಯಾಟರಿಯ ಡಬ್ಬ ಮಚ್ಚಿನಿಂದ ಸೀಳಿ, ಆಸಿಡ್ಡನ್ನ ಮೋರಿಗೆ ಚೆಲ್ಲಿ, ಒಳಗಿನ ಸೀಸದ ತಟ್ಟೆ ತೆಗೆದು ಕಾಯಿಸಿ ಗಟ್ಟಿ ಹೊಯ್ಯೋದು. ಕೈಗೆ ಗ್ಲೌಸಿಲ್ಲ, ಮೂಗಿಗೆ ಬಟ್ಟೆ. ಯಜಮಾನ ದಿನಾ ಸಂಜೆ ಒಂದು ಅಚ್ಚು ಬೆಲ್ಲ ಕೊಡುತ್ತಿದ್ದ. 'ಬೆಲ್ಲ ತಿಂದರೆ ಧೂಳು ಇಳಿದುಹೋಗುತ್ತೆ' ಅನ್ನೋದು ಅವನ ವೈದ್ಯ.

ಮಾವ ಅದೇ ಬಟ್ಟೆಯಲ್ಲಿ ಮನೆಗೆ ಬರುತ್ತಿದ್ದ. ಅತ್ತೆ ಅದೇ ಬಟ್ಟೆಯನ್ನ ಮಕ್ಕಳ ಬಟ್ಟೆ ಜೊತೆ ನೆನೆಹಾಕುತ್ತಿದ್ದಳು. ಹತ್ತಡಿ ಮನೆ. ಕೊನೇ ಮಗ ಅಂಬೆಗಾಲಿಡುತ್ತಿದ್ದ, ಸಿಕ್ಕಿದ್ದೆಲ್ಲ ಬಾಯಿಗೆ. ಮಾವ ಮೊದಲು ಹಾಡುತ್ತಿದ್ದವನು, ತತ್ವಪದ ಹೇಳಿದರೆ ವಠಾರ ಎದ್ದು ಬರುತ್ತಿತ್ತು. ಎರಡು ಮೂರು ವರ್ಷದಲ್ಲಿ ಹೊಟ್ಟೆ ಹಿಡಿದುಕೊಂಡು ಮುದುಡಿಕೊಳ್ಳುವುದು, ರಾತ್ರಿ ನಿದ್ದೆಯಿಲ್ಲದೆ ಕೂರುವುದು, ಸುಮ್ಮಸುಮ್ಮನೆ ರೇಗುವುದು ಶುರುವಾಯಿತು. ವಠಾರದವರು 'ಕುಡಿತ' ಅಂದರು. ಕುಡಿಯುತ್ತಿದ್ದ, ನಿಜ. ಹತ್ತಿರದ ಡಾಕ್ಟರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟರು. ಮಾವನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಯಾರೂ ಅಳೆಯಲಿಲ್ಲ. ಅಳೆಯಬಹುದು ಅಂತ ನಮಗೆ ಹೇಳಿದವರೂ ಇಲ್ಲ.

ಆ ಕೊನೇ ಮಗ ಶಾಲೆಗೆ ಹೋದ. ಕೂತಲ್ಲಿ ಕೂರಲ್ಲ, ಹೇಳಿದ್ದು ಕೇಳಲ್ಲ, ಒಂದು ಲೆಕ್ಕ ಶುರುಮಾಡಿ ಅರ್ಧಕ್ಕೆ ಬಿಡುತ್ತಾನೆ, ಸಣ್ಣ ಮಾತಿಗೂ ಕೈಯೆತ್ತುತ್ತಾನೆ. ಶಾಲೆಯಲ್ಲಿ ಅವನಿಗೆ 'ಮಂಕ' ಅಂತ ಹೆಸರು ಬಿತ್ತು. 'ಇವರ ಜನವೇ ಹಿಂಗೆ' ಅಂತ ಒಬ್ಬರು ನನ್ನ ಎದುರಿಗೇ ಅಂದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ. ಈಗ ಒಂದು ಗುಜರಿ ಅಂಗಡಿಯಲ್ಲಿ ಹಳೇ ಕಂಪ್ಯೂಟರು ಬಿಚ್ಚುತ್ತಾನೆ. ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಎ.ಸಿ. ರೂಮಿನಲ್ಲಿ ಆಯುಷ್ಯ ಮುಗಿಸಿದ ಕಂಪ್ಯೂಟರಿನ ಹೆಣ ಕೊಯ್ಯುವವನು ಅವನು. ಹೆಣ ಸಾಗಿಸುವ ಕೆಲಸ ಯಾವ ಕಾಲದಲ್ಲೂ ನಮ್ಮದೇ ಅಲ್ಲವೇ. ಹಳೇ ಬೋರ್ಡುಗಳ ಬೆಸುಗೆಯಲ್ಲಿ ತವರದ ಜೊತೆ ಸೀಸ ಇರುತ್ತದೆ, ಹಳೇ ದಪ್ಪ ಟೀವಿಯ ಗಾಜಿನಲ್ಲೂ ಇರುತ್ತದೆ. ಬೆಂಗಳೂರಿನಲ್ಲಿ ಇಂಥ ಸಾಮಾನು ಒಡೆಯುವ ಜಾಗಗಳ ಮಣ್ಣನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸ ಹೆಚ್ಚಾಗಿರುವುದನ್ನು ಕಂಡಿತು. ತವರ ಮತ್ತು ಸೀಸ! ಧರ್ಮಸೂತ್ರಕಾರನ ಆತ್ಮಕ್ಕೆ ಶಾಂತಿ ಸಿಗಲಿ.

ಈಗ ಮೇಷ್ಟ್ರುಗಳು, ಅದರಲ್ಲೂ ಹಳ್ಳಿ ಶಾಲೆಯ ಮೇಷ್ಟ್ರುಗಳು, ಕಿವಿಗೊಡಬೇಕಾದ ಒಂದು ವಿಷಯ ಹೇಳುತ್ತೇನೆ. ನಮ್ಮ ಕಡೆ ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿ ಉಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯುತ್ತೇವೆ. ಅಮೆರಿಕದಲ್ಲಿ ಹರ್ಬರ್ಟ್ ನೀಡಲ್‌ಮನ್ ಅನ್ನುವ ಮಕ್ಕಳ ಡಾಕ್ಟರು ಆ ಹಲ್ಲುಗಳನ್ನ ಕೂಡಿಟ್ಟರು. ಬಾಸ್ಟನ್ ಹತ್ತಿರದ ಚೆಲ್ಸಿ ಮತ್ತು ಸಾಮರ್‌ವಿಲ್ ಎಂಬ ಊರುಗಳ ಒಂದನೇ, ಎರಡನೇ ತರಗತಿಯ ಎರಡು ಸಾವಿರಕ್ಕೂ ಹೆಚ್ಚು ಮಕ್ಕಳ ಹಲ್ಲು. ರಕ್ತದಲ್ಲಿರುವ ಸೀಸ ಕೆಲವು ವಾರಗಳಲ್ಲಿ ಇಳಿಯುತ್ತದೆ, ಹಲ್ಲು ಮೂಳೆಗಳಲ್ಲಿ ಕೂತದ್ದು ಹಾಗೇ ಉಳಿಯುತ್ತದೆ. ಹಲ್ಲು ಒಂದು ಕಡತ ಇದ್ದಂತೆ. ಆ ಮಕ್ಕಳ ಮೇಷ್ಟ್ರುಗಳಿಗೆ 11 ಪ್ರಶ್ನೆಗಳ ಪಟ್ಟಿ ಕೊಟ್ಟರು. ಈ ಮಗು ಬೇಗ ಗಮನ ಕಳೆದುಕೊಳ್ಳುತ್ತಾ? ಹಿಡಿದ ಕೆಲಸ ಬಿಡುತ್ತಾ? ಹಗಲುಗನಸು ಕಾಣುತ್ತಾ? ದುಡುಕುತ್ತಾ? ಸರಳವಾಗಿ ಹೇಳಿದ್ದೂ ತಿಳಿಯಲ್ವಾ? ಯಾವ ಹಲ್ಲಿನಲ್ಲಿ ಎಷ್ಟು ಸೀಸ ಅಂತ ಮೇಷ್ಟ್ರುಗಳಿಗೆ ಗೊತ್ತಿರಲಿಲ್ಲ. 1979ರಲ್ಲಿ ಲೆಕ್ಕ ಹೊರಗೆ ಬಂತು. ಹಲ್ಲಿನ ಸೀಸ ಒಂದೊಂದು ಮೆಟ್ಟಿಲು ಏರಿದಂತೆ ಮೇಷ್ಟ್ರುಗಳ ದೂರೂ ಒಂದೊಂದು ಮೆಟ್ಟಿಲು ಏರಿತ್ತು. ಹೊಟ್ಟೆನೋವಿಲ್ಲ, ಮೂರ್ಛೆಯಿಲ್ಲ, ನೋಡಲಿಕ್ಕೆ ಗಟ್ಟಿಮುಟ್ಟಾದ ಮಕ್ಕಳು. ಮೇಷ್ಟ್ರು ಬರೆದ 'ಮಂಕು'ತನದಲ್ಲಿ ಒಂದು ಪಾಲು ಹಲ್ಲಿನೊಳಗೆ ಕೂತಿತ್ತು.

ಬಂಡವಾಳದವರು ಸುಮ್ಮನಿರಲಿಲ್ಲ. ಸೀಸದ ಉದ್ಯಮದ ಪರ ಸಾಕ್ಷಿ ಹೇಳುತ್ತಿದ್ದ ವಿಜ್ಞಾನಿಗಳು 1991ರಲ್ಲಿ ನೀಡಲ್‌ಮನ್ ಮೇಲೆ ಲೆಕ್ಕ ತಿರುಚಿದ ಆಪಾದನೆ ಹೊರಿಸಿದರು. ಅವರು ವಿಚಾರಣೆ ಬಾಗಿಲು ಮುಚ್ಚಿ ಬೇಡ, ಎಲ್ಲರೆದುರು ನಡೆಯಲಿ ಅಂತ ಪಟ್ಟು ಹಿಡಿದರು. ಮೋಸ ಮಾಡಿಲ್ಲ ಅಂತ ತೀರ್ಪಾಯಿತು. ಇಷ್ಟರಲ್ಲಿ 'ಇಷ್ಟಿದ್ದರೆ ಪರವಾಗಿಲ್ಲ' ಅನ್ನುವ ಗೆರೆ ಕೆಳಕ್ಕೆ ಜಾರುತ್ತಲೇ ಬಂತು. ಹತ್ತು ಲಕ್ಷ ಮೈಕ್ರೋಗ್ರಾಂ ಸೇರಿದರೆ ಒಂದು ಗ್ರಾಂ. ಅರವತ್ತರ ದಶಕದಲ್ಲಿ ಮಗುವಿನ ನೂರು ಮಿಲಿಲೀಟರ್ ರಕ್ತದಲ್ಲಿ 60 ಮೈಕ್ರೋಗ್ರಾಂವರೆಗೆ ಸೀಸ ಇದ್ದರೂ ಅಮೆರಿಕದ ವೈದ್ಯರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 1985ರಲ್ಲಿ ಆ ಗೆರೆ 25 ಆಯಿತು, 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸುರಕ್ಷಿತ ಅನ್ನಬಹುದಾದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದು ಅಮೆರಿಕದ ಮಾತು, ನಮ್ಮದೇನು ಅಂತ ಕೇಳಬಹುದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ವೆಂಕಟೇಶ್ ತುಪ್ಪಿಲ್ ಮತ್ತು ಜಾರ್ಜ್ ಫೌಂಡೇಷನ್ನಿನವರು ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ 10 ದಾಟಿತ್ತು. ಆಗ ಪೆಟ್ರೋಲಿನಲ್ಲೇ ಸೀಸ ಬೆರೆಸುತ್ತಿದ್ದರು. 2000ದ ಫೆಬ್ರವರಿ 1ರಿಂದ ಅದು ದೇಶದಲ್ಲೆಲ್ಲ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದು ಅನ್ನುವ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಹಳೇ ಬ್ಯಾಟರಿಗಳಿಗೆ 2001ರಲ್ಲೇ ನಿಯಮ ಬಂತು, 2022ರಲ್ಲಿ ಹೊಸದು ಬಂತು. ಆದರೂ 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಕೊಟ್ಟ ವರದಿಯ ಅಂದಾಜಿನಂತೆ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವ ಮಕ್ಕಳು ಜಗತ್ತಿನಲ್ಲಿ 80 ಕೋಟಿ. ಅದರಲ್ಲಿ 27 ಕೋಟಿಗೂ ಹೆಚ್ಚು ನಮ್ಮ ದೇಶದವರು. ಕಾನೂನು ಬೋರ್ಡಿದ್ದ ಕಾರ್ಖಾನೆಯ ಬಾಗಿಲು ತಟ್ಟುತ್ತದೆ. ಬೋರ್ಡಿಲ್ಲದ ಶೆಡ್ಡಿಗೆ ಬಾಗಿಲೇ ಇಲ್ಲ, ಬರೀ ಗೋಣಿಚೀಲ.

ಸೀಸ ಹೇಗೆ ಕೆಲಸ ಮಾಡುತ್ತೆ ಅನ್ನೋದನ್ನ ಗೆಳೆಯ ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮೈ ಸೀಸವನ್ನ ಸುಣ್ಣದ ಅಂಶ ಅಂತ ತಪ್ಪು ತಿಳಿಯುತ್ತದೆ. ಸುಣ್ಣ ಅಂದರೆ ಕ್ಯಾಲ್ಸಿಯಂ. ಅದು ಹೋಗುವ ಬಾಗಿಲುಗಳಲ್ಲೇ ಸೀಸ ನುಗ್ಗುತ್ತದೆ, ಮೂಳೆಯಲ್ಲಿ ಹತ್ತಾರು ವರ್ಷ ಬಿಡಾರ ಹೂಡುತ್ತದೆ. ಹೆಣ್ಣು ಬಸುರಾದಾಗ ಮಗುವಿನ ಮೂಳೆಗೆ ಅಂತ ತಾಯಿಯ ಮೂಳೆ ಕರಗುವಾಗ ಹಳೇ ಸೀಸವೂ ಎದ್ದು ಬರುತ್ತದೆ. ಮೆದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲಿಕ್ಕೂ ಇದೇ ಕ್ಯಾಲ್ಸಿಯಂ ಬೇಕು. ಕಲಿಯೋದು, ನೆನಪಿಡೋದು ಎಲ್ಲ ಆ ಸುದ್ದಿಯಿಂದಲೇ. ಅಲ್ಲಿ ಸೀಸ ಕೂತರೆ ಸುದ್ದಿ ಕೆಡುತ್ತದೆ. ಹಣೆಯ ಹಿಂದಿರುವ ಮೆದುಳಿನ ಭಾಗ, ತಡಿ, ಯೋಚನೆ ಮಾಡು, ಆಮೇಲೆ ಕೈಯೆತ್ತು ಅಂತ ಹೇಳುವ ಭಾಗ, ತುಂಬಾ ನಿಧಾನಕ್ಕೆ ಬೆಳೆಯೋದರಿಂದ ಅದಕ್ಕೆ ಪೆಟ್ಟು ಹೆಚ್ಚು.

ಇನ್ನೊಂದು ಮಾತು. ದೊಡ್ಡವರ ಹೊಟ್ಟೆಗೆ ಹೋದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ಮೈಗೆ ಇಳಿದರೆ, ಎಳೆ ಮಕ್ಕಳಲ್ಲಿ ಅರ್ಧದ ಹತ್ತಿರ ಇಳಿಯಬಹುದು. ರಕ್ತದಲ್ಲಿ ಕಬ್ಬಿಣ ಕಡಿಮೆ, ಕ್ಯಾಲ್ಸಿಯಂ ಕಡಿಮೆ ಇದ್ದರೆ ಇನ್ನೂ ಹೆಚ್ಚು. ಹಸಿದ ಮೈ ಸಿಕ್ಕಿದ್ದನ್ನ ಬಾಚಿಕೊಳ್ಳುತ್ತದೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಇಂಥ ರಾಜ್ಯದಲ್ಲಿ 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಕೊಡಹೊರಟರೆ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಯಾರ ತಟ್ಟೆಯಲ್ಲಿ ಮೊಟ್ಟೆ ಇಲ್ಲವೋ ಅವರ ರಕ್ತದಲ್ಲಿ ಸೀಸಕ್ಕೆ ಜಾಗ ಹೆಚ್ಚು ಅನ್ನೋದನ್ನ ಅವರಿಗೆ ಯಾವ ಶಾಸ್ತ್ರ ಹೇಳಿಕೊಡಬೇಕು?

ಈಗ ಗೆಳೆಯನ ಭಯಕ್ಕೆ ಬರುತ್ತೇನೆ.

ಅಮೆರಿಕದ ಸಿನ್ಸಿನಾಟಿ ನಗರದ ಬಡ ಬಡಾವಣೆಗಳಲ್ಲಿ, ಬಹುಪಾಲು ಕಪ್ಪು ಜನ ಇರುವ ಕಡೆ, 1979ರಿಂದ 1984ರವರೆಗೆ ಬಸುರಿ ಹೆಂಗಸರನ್ನ ಸೇರಿಸಿಕೊಂಡು ಅವರ ಮಕ್ಕಳ ರಕ್ತವನ್ನ ಹುಟ್ಟಿನಿಂದಲೂ ಅಳೆಯುತ್ತಾ ಬಂದರು. 2008ರಲ್ಲಿ ಎರಡು ವರದಿ ಬಂದವು. ಎಳವೆಯಲ್ಲಿ ಸೀಸ ಹೆಚ್ಚಿದ್ದವರಲ್ಲಿ ದೊಡ್ಡವರಾದ ಮೇಲೆ ಪೊಲೀಸರು ಹಿಡಿದದ್ದೂ ಹೆಚ್ಚು. ಅವರ ಮೆದುಳಿನ ಚಿತ್ರದಲ್ಲಿ ಹಣೆಯ ಹಿಂದಿನ ಭಾಗ ಸವೆದಿತ್ತು. ನಮ್ಮಲ್ಲೂ ನಿಮ್ಹಾನ್ಸಿನವರು ಮುಂದೆ ನಿಂತು ದೇಶದ ಏಳು ಕೇಂದ್ರಗಳಲ್ಲಿ ಸಾವಿರಾರು ಮಕ್ಕಳು, ಯುವಕರನ್ನ ಸೇರಿಸಿ ದೊಡ್ಡ ಅಧ್ಯಯನ ನಡೆಸಿದ್ದಾರೆ. ಅದರಿಂದ 2023ರಲ್ಲಿ ಬಂದ ಒಂದು ಪ್ರಬಂಧ, 6ರಿಂದ 23 ವಯಸ್ಸಿನ 1014 ಮಂದಿಯನ್ನ ನೋಡಿ, ಮೈಗೆ ಸೇರುವ ಆರ್ಸೆನಿಕ್ ಕಡಿಮೆ ಮಟ್ಟದಲ್ಲಿದ್ದರೂ ಮೆದುಳಿನ ಬೂದು ಭಾಗಕ್ಕೂ ಯೋಚನಾಶಕ್ತಿಗೂ ಪೆಟ್ಟು ಕಾಣುತ್ತದೆ ಅಂದಿತು.

"ನಾಳೆ ನಾನೂ ಇಲಿ ಬಿಟ್ಟು ಪೀಣ್ಯದ ಮಕ್ಕಳ ರಕ್ತ ಅಳೀತೀನಿ ಅಂತಿಟ್ಕೊ," ಅಂದ ಗೆಳೆಯ. "ಸೀಸ ಹೆಚ್ಚಿರೋ ಮಕ್ಕಳು ಜಗಳಗಂಟರು ಅಂತ ಬರೀತೀನಿ. ಪೇಪರಿನವನು ಏನು ಹಾಕ್ತಾನೆ? ಕೊಳೆಗೇರಿ ಮಕ್ಕಳ ಮೆದುಳಲ್ಲಿ ದೋಷ ಅಂತ ಹಾಕ್ತಾನೆ. ಸ್ಟೇಷನ್ನಿನವನು ಅದನ್ನ ಕತ್ತರಿಸಿ ಇಟ್ಕೋತಾನೆ. ಮೇಷ್ಟ್ರು ಹೇಳ್ತಿದ್ದ ಮಾತನ್ನೇ ನಾನು ಮಿಷನ್ ಇಟ್ಟು ಹೇಳಿದ ಹಾಗಾಗುತ್ತೆ."

ಅವನ ಭಯ ಸುಳ್ಳಲ್ಲ. 1871ರಲ್ಲಿ ಬ್ರಿಟಿಷರು ಕಾನೂನು ಮಾಡಿ ಕೆಲವು ಜಾತಿಗಳೇ ಹುಟ್ಟುಕಳ್ಳರು ಅಂದರು. ಆ ಕಾನೂನು 1952ರಲ್ಲಿ ಹೋಯಿತು, ಅನುಮಾನದ ಕಣ್ಣು ಹೋಗಿಲ್ಲ. ವಿಜ್ಞಾನವೂ ಸಾಚಾ ಅಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ತೊಂಬತ್ತರ ದಶಕದಲ್ಲಿ ಬಡವರ ಮಕ್ಕಳನ್ನ ಸೀಸದ ಬಣ್ಣ ಅರ್ಧಂಬರ್ಧ ತೆಗೆದ ಮನೆಗಳಲ್ಲಿ ಇರಗೊಟ್ಟು ರಕ್ತದ ಸೀಸ ಏರುತ್ತದೋ ಇಳಿಯುತ್ತದೋ ಅಂತ ನೋಡಿದರು. 2001ರಲ್ಲಿ ಮೇರಿಲ್ಯಾಂಡಿನ ಮೇಲಿನ ಕೋರ್ಟು ಆ ಸಂಶೋಧನೆಯನ್ನ ಕಟುವಾಗಿ ಖಂಡಿಸಿತು. ಅಳೆಯುವವರು ಅಳೆದುಕೊಂಡು ಹೋಗುತ್ತಾರೆ, ಅಳತೆಗೆ ಸಿಕ್ಕಿದವರು ಅಲ್ಲೇ ಉಳಿಯುತ್ತಾರೆ.

ಹಾಗಾದರೆ ಅಳೆಯುವುದೇ ಬೇಡವೇ? ಈ ಪ್ರಶ್ನೆಯನ್ನ ನಾನು ಬಹಳ ದಿನ ತಲೆಯಲ್ಲಿ ಇಟ್ಟುಕೊಂಡು ತಿರುಗಿದೆ. ಕೊನೆಗೆ ನನಗೆ ತೋಚಿದ್ದು ಇದು.

ಜಾತಿಯವನು ಹೇಳುವುದು, 'ಇವರು ಹುಟ್ಟಿದ್ದೇ ಹಿಂಗೆ'. ಸೀಸದ ಲೆಕ್ಕ ಹೇಳುವುದು, 'ಇವರನ್ನ ಹಿಂಗೆ ಮಾಡಿದ್ದಾರೆ'. ಎರಡೂ ಒಂದೇ ಅಲ್ಲ, ಎರಡನೆಯದು ಮೊದಲನೆಯದರ ಬುಡಕ್ಕೆ ಕೊಡಲಿ. ಅಮೆರಿಕದಲ್ಲಿ ಎಪ್ಪತ್ತರ ದಶಕದ ಕೊನೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಸರಾಸರಿ 15ರ ಹತ್ತಿರ ಇದ್ದ ಸೀಸ, ಪೆಟ್ರೋಲಿನಿಂದ, ಬಣ್ಣದಿಂದ ಅದನ್ನ ತೆಗೆದ ಮೇಲೆ ಈಗ 1ಕ್ಕಿಂತ ಕೆಳಗಿದೆ. ಒಂದು ಸರ್ಕಾರಿ ಆದೇಶಕ್ಕೆ ಇಳಿಯುವಂಥದ್ದು ಹಣೆಬರಹ ಹೇಗಾದೀತು? ಪೂರ್ವಜನ್ಮದ ಕರ್ಮ ಹೇಗಾದೀತು? ವಂಶದ ಗುಣ ಹೇಗಾದೀತು? ಯಾರೋ ಹಾಕಿದ್ದು, ಯಾರೋ ಲಾಭ ತಿಂದದ್ದು, ಯಾರೋ ತೆಗೆಯಬೇಕಾದದ್ದು. ಅಷ್ಟೇ.

ಇನ್ನೊಂದು ಮಾತನ್ನ ಗೆಳೆಯ ಒತ್ತಿ ಹೇಳುತ್ತಾನೆ. ಈ ಲೆಕ್ಕ ಸಾವಿರ ಮಕ್ಕಳನ್ನ ಒಟ್ಟಿಗೆ ನೋಡಿದಾಗ ಕಾಣುವಂಥದ್ದು. ಒಂದು ಮಗುವನ್ನ ಎದುರು ಕೂರಿಸಿಕೊಂಡು ಇವನು ಸೀಸದಿಂದ ಹಿಂಗಾದ ಅಂತ ಹೇಳಲಿಕ್ಕೆ ಬರುವುದಿಲ್ಲ. ಸೀಸ ಹೆಚ್ಚಿದ್ದೂ ಶಾಂತವಾಗಿ ಓದಿ ಮೇಲೆ ಬಂದವರಿದ್ದಾರೆ. ಸೀಸ ಕಾಣದ ಮನೆಯಲ್ಲಿ ಹುಟ್ಟಿ ನಮ್ಮ ಗುಡಿಸಲಿಗೆ ಬೆಂಕಿ ಇಟ್ಟವರೂ ಇದ್ದಾರೆ, ಅವರ ಮೆದುಳಿನ ಚಿತ್ರ ಯಾರೂ ತೆಗೆದಿಲ್ಲ. ನನ್ನ ಮಾವನ ಮಗ ಶಾಲೆ ಬಿಟ್ಟದ್ದಕ್ಕೆ ಸೀಸವೇ ಕಾರಣ ಅಂತ ನಾನು ಹೇಳುವುದಿಲ್ಲ. ಹಸಿವಿತ್ತು, ಕುಡಿತವಿತ್ತು, 'ಮಂಕ' ಅನ್ನುವ ಮಾತಿತ್ತು. ಆದರೆ ನಾನು ಕೇಳುವುದು ಇಷ್ಟು. ವಿಜ್ಞಾನಿಗೆ ಒಬ್ಬನ ಬಗ್ಗೆ ತೀರ್ಪು ಕೊಡಲಿಕ್ಕೆ ಸಾವಿರ ಮಕ್ಕಳ ಲೆಕ್ಕವೂ ಸಾಲದು. ಶಾಲೆಗೆ ಒಂದು ಹಾಜರಿ ಪುಸ್ತಕ ಸಾಕಾಯಿತು, ಊರಿಗೆ ಒಂದು ಜಾತಿಯ ಹೆಸರು ಸಾಕಾಯಿತು. ಇವರಲ್ಲಿ ದಡ್ಡರು ಯಾರು?

ಆದ್ದರಿಂದ ಗೆಳೆಯರೇ, ಅಳೆಯಲಿ. ಆದರೆ ನಮ್ಮ ಷರತ್ತಿನ ಮೇಲೆ ಅಳೆಯಲಿ. ಮಗುವಿನ ರಕ್ತ ಅಳೆದ ದಿನವೇ ಆ ಬೀದಿಯ ಮಣ್ಣನ್ನೂ, ಮೋರಿಯನ್ನೂ, ಶೆಡ್ಡಿನ ಹೊಗೆಯನ್ನೂ ಅಳೆಯಲಿ. ಕೇರಿಯ ಹೆಸರು ಬರೆಯುವ ಕಡೆ ಸೀಸ ಎಲ್ಲಿಂದ ಬಂತು ಅನ್ನುವುದನ್ನೂ ಬರೆಯಲಿ. ಫಲಿತಾಂಶ ಇಂಗ್ಲಿಷ್ ಪತ್ರಿಕೆಗೆ ಹೋಗುವ ಮೊದಲು ಕನ್ನಡದಲ್ಲಿ ಆ ತಾಯಿಯ ಕೈಗೆ ಬರಲಿ, ಜೊತೆಗೆ ಚಿಕಿತ್ಸೆಯ ದಾರಿಯೂ ಬರಲಿ. ಪೀಣ್ಯದಂಥ ಕಡೆ ಸರ್ಕಾರಿ ಆಸ್ಪತ್ರೆಯಲ್ಲಿ ಸೀಸದ ರಕ್ತಪರೀಕ್ಷೆ ದುಡ್ಡಿಲ್ಲದೆ ಆಗಲಿ. 2009ರಲ್ಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪೀಣ್ಯವನ್ನ ತೀವ್ರ ಮಾಲಿನ್ಯದ ಪಟ್ಟಿಗೆ ಸೇರಿಸಿತ್ತು. ಪಟ್ಟಿ ಮಾಡಿದವರಿಗೆ ಪಟ್ಟಿಯೊಳಗೆ ಉಸಿರಾಡುವವರ ರಕ್ತದ ಲೆಕ್ಕವೂ ಬೇಕಲ್ಲ. ಬ್ಯಾಟರಿ ಒಡೆಯುವವನಿಗೆ ಬೆಲ್ಲ ಬೇಡ. ಗ್ಲೌಸು ಕೊಡಿ, ಸ್ನಾನದ ಮನೆ ಕೊಡಿ, ಮನೆಗೆ ಉಟ್ಟುಹೋಗಲು ಬೇರೆ ಬಟ್ಟೆ ಕೊಡಿ, ಹೆಸರು ಬರೆದ ಹಾಜರಿ ಚೀಟಿ ಕೊಡಿ.

ಮೇಷ್ಟ್ರುಗಳಲ್ಲಿ ಒಂದು ಮಾತು. ನಿಮ್ಮ ತರಗತಿಯಲ್ಲಿ ಕೂತಲ್ಲಿ ಕೂರದ, ಕೇಳಿದ್ದು ಮರೆಯುವ, ಸಿಡುಕುವ ಒಂದು ಮಗು ಇದ್ದೇ ಇರುತ್ತದೆ. ಅದರ ಜಾತಿ ಯಾವುದು ಅಂತ ನಿಮಗೆ ದಾಖಲಾತಿಯ ದಿನವೇ ಗೊತ್ತು. ಅದರ ಅಪ್ಪ ಏನು ಒಡೆಯುತ್ತಾನೆ, ಅವ್ವ ಯಾವ ಬಟ್ಟೆ ಒಗೆಯುತ್ತಾಳೆ, ಬೆಳಿಗ್ಗೆ ಏನು ತಿಂದು ಬಂತು ಅನ್ನೋದನ್ನೂ ಒಂದು ಸಲ ಕೇಳಿ. ಆಮೇಲೆ ಬೇಕಾದರೆ ಆ ಮಾತು ಆಡಿ, ನಾಲಿಗೆ ಏಳುವುದಾದರೆ.